ಗೂಢಚಾರರ ಕಥೆ, ಬೆಳಕಿನ ಲೆಕ್ಕ: ಒಂದು ಕ್ವಿಜ್ ಕಟ್ಟಿದ ಅನುಭವ

ಉಡುಪಿಯಲ್ಲಿ ಕ್ವಿಜ್ ನಡೆಸುವುದು ಸುಲಭ ಅಲ್ಲ. ಎದುರು ಕೂತವರಿಗೆ ಕ್ವಿಜ್ ಮಾಸ್ಟರಿಗಿಂತ ಜಾಸ್ತಿ ಗೊತ್ತಿರುತ್ತದೆ. ಒಂದು ಮೇಜಿನಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳು. ದೇಶವಿಡೀ ಟ್ರಾನ್ಸ್‌ಫರ್ ಆಗಿ, ಸಂಜೆ ಹೊತ್ತು ಕಳೆಯಲಿಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದವರು. ಅವರ ಪಕ್ಕ ಮಣಿಪಾಲದ ಎಂಜಿನಿಯರಿಂಗ್ ಹುಡುಗರು. ಹಿಂದೆ ಹೈಸ್ಕೂಲು ಮಕ್ಕಳ ತಂಡಗಳು, ಅವರನ್ನು ಕರೆದುಕೊಂಡು ಬಂದ ಮಾಷ್ಟ್ರು. ಇವರೆಲ್ಲ ಒಂದೇ ಪ್ರಶ್ನೆಗೆ ತಲೆ ಕೆರೆದುಕೊಳ್ಳಬೇಕು. ಯಾರೂ ಬೇಜಾರಾಗಿ ಮೊಬೈಲ್ ತೆಗೆಯಬಾರದು.

ನಮ್ಮ ವಾಚನಾಲಯದಲ್ಲಿ ವಿಷಯ ಆರಿಸುವುದು ಚೀಟಿ ಎತ್ತಿ. ತಂಡದವರೇ ಬರೆದು ಹಾಕುತ್ತಾರೆ. ಕಳೆದ ಮಳೆಗಾಲದಲ್ಲಿ ಬಂದ ಎರಡು ಚೀಟಿಗಳಲ್ಲಿ ಒಂದರಲ್ಲಿ ‘ಗೂಢಚಾರ ಕಾದಂಬರಿ ಬರೆದವರು’ ಅಂತ ಇತ್ತು, ಇನ್ನೊಂದರಲ್ಲಿ ‘ಬೆಳಕಿನ ವಿಜ್ಞಾನ’. ಮೊದಲನೆಯದು ಬ್ಯಾಂಕಿನವರ ಕೆಲಸ, ಎರಡನೆಯದು ಮಾಷ್ಟ್ರದ್ದು ಅಂತ ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. “ಎಂತ ಮಾರಾಯ್ರೇ, ಇದಕ್ಕೂ ಅದಕ್ಕೂ ಎಂತ ಸಂಬಂಧ?” ಅಂತ ವಾಚನಾಲಯದ ಅಕ್ಕ ನಕ್ಕರು.

ಪ್ರಶ್ನೆ ಬರೆಯುವಾಗ ನಾನು ಒಂದೇ ಅಳತೆ ಇಟ್ಟುಕೊಳ್ಳುತ್ತೇನೆ. ಉತ್ತರ ಗೊತ್ತಿಲ್ಲದವರೂ ಪ್ರಶ್ನೆಯೊಳಗಿನ ಸುಳಿವು ಹಿಡಿದು ಉತ್ತರದ ಹತ್ತಿರ ಬರುವಂತಿರಬೇಕು. ಮೊದಲ ಜೇಮ್ಸ್ ಬಾಂಡ್ ಕಾದಂಬರಿ ‘ಕ್ಯಾಸಿನೊ ರಾಯಲ್’ ಯಾವ ವರ್ಷ ಬಂತು ಅಂತ ಕೇಳಿದರೆ, ಗೊತ್ತಿದ್ದವರು 1953 ಅನ್ನುತ್ತಾರೆ, ಗೊತ್ತಿಲ್ಲದವರು ಸುಮ್ನೆ ಕೂರುತ್ತಾರೆ. ಅವರಿಗೆ ಕೊಟ್ಟ ಅರ್ಧ ನಿಮಿಷದಲ್ಲಿ ಮಾಡಲಿಕ್ಕೆ ಏನೂ ಇಲ್ಲ. ಜೇಮ್ಸ್ ಬಾಂಡ್ ಅನ್ನುವ ಹೆಸರು ಒಬ್ಬ ಅಮೆರಿಕನ್ ಪಕ್ಷಿತಜ್ಞರಿಂದ ಬಂತು ಅನ್ನುವುದನ್ನೂ ಬಿಟ್ಟೆ. ಎಲ್ಲ ಕ್ವಿಜ್‌ಗಳಲ್ಲೂ ಬಂದು ಬಂದು ಅದು ಹಳಸಿದೆ.

ಎರಡು ವಿಷಯವನ್ನೂ ಒಂದೇ ಪ್ರಶ್ನೆಯಲ್ಲಿ ಕೂಡಿಸಬಹುದಾ ಅಂತ ಹುಡುಕುತ್ತಿದ್ದಾಗ ಇಯಾನ್ ಫ್ಲೆಮಿಂಗ್ ಅವರ ‘ಗೋಲ್ಡ್‌ಫಿಂಗರ್’ ಸಿಕ್ಕಿತು. ಕಾದಂಬರಿ ಬಂದದ್ದು 1959ರಲ್ಲಿ, ಸಿನಿಮಾ 1964ರಲ್ಲಿ. ಸಿನಿಮಾದಲ್ಲಿ ಬಾಂಡ್‌ನನ್ನು ಮೇಜಿಗೆ ಕಟ್ಟಿ, ಕಾಲಿನ ಕಡೆಯಿಂದ ಲೇಸರ್ ಬಿಡುವ ದೃಶ್ಯ ಎಲ್ಲರಿಗೂ ನೆನಪಿದೆ. ಪುಸ್ತಕದಲ್ಲಿ ಲೇಸರ್ ಇಲ್ಲ. ಮರದ ಮಿಲ್ಲಿನಲ್ಲಿ ಇರುವಂಥ ದುಂಡು ಗರಗಸ ಇದೆ. ನಾನು ಮೊದಲು ಬರೆದ ಪ್ರಶ್ನೆ ಹೀಗಿತ್ತು: ಪುಸ್ತಕದಲ್ಲಿ ಬಾಂಡ್‌ನನ್ನು ಯಾವುದರಿಂದ ಕೊಯ್ಯಲು ಹೊರಡುತ್ತಾರೆ? ಓದಿದವರಿಗೆ ಮಾತ್ರ ಬರುವ ಪ್ರಶ್ನೆ. ಹಾಗಾಗಿ ಉಲ್ಟಾ ಮಾಡಿದೆ. “1959ರ ಕಾದಂಬರಿಯಲ್ಲಿ ನಾಯಕನನ್ನು ಮೇಜಿಗೆ ಕಟ್ಟಿ ದುಂಡು ಗರಗಸ ಹತ್ತಿರ ತರುತ್ತಾರೆ. 1964ರ ಸಿನಿಮಾದಲ್ಲಿ ಗರಗಸ ಹೋಗಿ ಬೇರೊಂದು ವಸ್ತು ಬಂತು. ಪುಸ್ತಕ ಬರೆಯುವಾಗ ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಅದು ಇರಲಿಲ್ಲ. ಏನದು?”

ಈಗ ಎರಡು ವರ್ಷಗಳೇ ದಾರಿ ತೋರಿಸುತ್ತವೆ. ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು. ಆ ದಿನವನ್ನೇ ಈಗ ಅಂತರರಾಷ್ಟ್ರೀಯ ಬೆಳಕಿನ ದಿನ ಅಂತ ಆಚರಿಸುತ್ತಾರೆ. ಬಾಂಡ್ ಪುಸ್ತಕ ಮುಟ್ಟದ ಹುಡುಗರೂ ಲೆಕ್ಕ ಹಾಕಿ ಹೇಳಿದರು. ಸಿನಿಮಾದಲ್ಲಿ ಮೇಜು ಕೊಯ್ದದ್ದು ನಿಜವಾದ ಲೇಸರ್ ಅಲ್ಲ, ಮೇಜಿನ ಕೆಳಗೆ ಒಬ್ಬರು ಗ್ಯಾಸ್ ಕಟ್ಟರ್ ಹಿಡಿದು ಕೂತಿದ್ದರು ಅಂತ ಆಮೇಲೆ ಹೇಳಿದೆ. ವೆಲ್ಡಿಂಗ್ ಶಾಪ್ ಇಟ್ಟುಕೊಂಡ ಪ್ರೇಕ್ಷಕರೊಬ್ಬರು “ನಾನು ಆಗಲೇ ಹೇಳಿದ್ದೆ” ಅಂದರು.

ಕಾದಂಬರಿಕಾರರ ಕಡೆ ಸಾಮಗ್ರಿ ಬೇಕಾದಷ್ಟಿದೆ. ಅವರಲ್ಲಿ ಸುಮಾರು ಜನ ನಿಜವಾಗಿಯೂ ಆ ಇಲಾಖೆಯಲ್ಲಿ ಕೆಲಸ ಮಾಡಿದವರು. ಫ್ಲೆಮಿಂಗ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯ ಬೇಹುಗಾರಿಕೆ ವಿಭಾಗದಲ್ಲಿದ್ದರು. ಜಾನ್ ಲೆ ಕಾರೆ ಅನ್ನುವುದು ಡೇವಿಡ್ ಕಾರ್ನ್‌ವೆಲ್ ಎಂಬ ಬೇಹುಗಾರಿಕೆ ನೌಕರನ ಕಾವ್ಯನಾಮ. ಇವೆಲ್ಲ ಮಾಹಿತಿ ಸರಿ, ಆದರೆ ಪ್ರಶ್ನೆ ಆಗಬೇಕಾದರೆ ನಮ್ಮವರಿಗೆ ಹಿಡಿಯಲಿಕ್ಕೆ ಒಂದು ಕೊಂಡಿ ಬೇಕು. ಸಾಮರ್ಸೆಟ್ ಮಾಮ್ ಹಾಗೆ ಸಿಕ್ಕಿದರು. ಮೊದಲ ಮಹಾಯುದ್ಧದಲ್ಲಿ ನಾಟಕ ಬರೆಯುವ ನೆಪದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೂತು ಬ್ರಿಟನ್ನಿಗೆ ಸುದ್ದಿ ಕಳಿಸುತ್ತಿದ್ದವರು. 1928ರಲ್ಲಿ ಆ ಅನುಭವದ ಮೇಲೆ ‘ಆಶೆಂಡನ್’ ಅನ್ನುವ ಗೂಢಚಾರ ಕಥೆಗಳ ಪುಸ್ತಕ ತಂದರು. 1938ರಲ್ಲಿ ತಿರುವಣ್ಣಾಮಲೈಗೆ ಬಂದು, ರಮಣಾಶ್ರಮದಲ್ಲಿ ತಲೆ ತಿರುಗಿ ಬಿದ್ದರು. ಆ ಭೇಟಿಯ ನೆರಳು 1944ರ ‘ದ ರೇಜರ್ಸ್ ಎಡ್ಜ್’ ಮೇಲೆ ಇದೆ. ನಾನು ತಿರುವಣ್ಣಾಮಲೈಯಿಂದ ಶುರು ಮಾಡಿ ಸ್ವಿಟ್ಜರ್ಲೆಂಡಿನಲ್ಲಿ ಮುಗಿಸಿದೆ. ಆಶ್ರಮದ ಸುದ್ದಿ ಗೊತ್ತಿದ್ದ ಹಿರಿಯರು ಒಂದು ತುದಿಯಿಂದ, ಪುಸ್ತಕ ಗೊತ್ತಿದ್ದವರು ಇನ್ನೊಂದು ತುದಿಯಿಂದ ಬಂದು ಸೇರಿದರು.

ಎಲ್ಲ ಸುಳಿವುಗಳನ್ನೂ ಜೋಡಿಸುವ ಒಂದೇ ಉತ್ತರ ಹುಡುಕುವ ಕನೆಕ್ಟ್ ರೌಂಡಿಗೆ ಮೂರು ಸುಳಿವು ಕೊಟ್ಟೆ. ಒಂದು, 1901ರಲ್ಲಿ ಬಂದ ಕಿಪ್ಲಿಂಗ್ ಅವರ ಕಾದಂಬರಿಯ ಹುಡುಗ. ಎರಡು, ಗ್ರಹಾಂ ಗ್ರೀನ್ ಆಫ್ರಿಕಾದ ಫ್ರೀಟೌನ್‌ನಿಂದ ವಾಪಸ್ ಬಂದ ಮೇಲೆ ಲಂಡನ್ನಿನಲ್ಲಿ ಅವರ ಮೇಲಧಿಕಾರಿ. ಮೂರು, 1974ರ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ಯಲ್ಲಿ ಒಳಗೇ ಕೂತು ದ್ರೋಹ ಮಾಡುವ ಪಾತ್ರಕ್ಕೆ ಪ್ರೇರಣೆ. ಉತ್ತರ ಕಿಮ್ ಫಿಲ್ಬಿ. ಹುಟ್ಟಿದ್ದು ನಮ್ಮ ಅಂಬಾಲದಲ್ಲಿ, 1912ರಲ್ಲಿ. ಕಿಪ್ಲಿಂಗ್ ಅವರ ಹುಡುಗನ ಹೆಸರಿನಿಂದಲೇ ‘ಕಿಮ್’ ಅಂತ ಕರೆದರು. ಬ್ರಿಟಿಷ್ ಬೇಹುಗಾರಿಕೆಯಲ್ಲಿ ಮೇಲೆ ಮೇಲೆ ಏರಿದರು. ಇಷ್ಟೂ ಕಾಲ ಕೆಲಸ ಮಾಡಿದ್ದು ಸೋವಿಯತ್ ರಷ್ಯಾಕ್ಕೆ. 1963ರಲ್ಲಿ ಬೈರೂತ್‌ನಿಂದ ಮಾಸ್ಕೋಗೆ ಓಡಿಹೋದರು. ಗ್ರೀನ್ ಮಾತ್ರ ಹಳೇ ಬಾಸನ್ನು ಬಿಟ್ಟುಕೊಡಲಿಲ್ಲ, ಫಿಲ್ಬಿಯ ಆತ್ಮಕಥೆಗೆ ಮುನ್ನುಡಿ ಬರೆದರು. ಲೆ ಕಾರೆಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ. ಇಬ್ಬರು ಕಾದಂಬರಿಕಾರರ ನಡುವಿನ ಈ ವ್ಯತ್ಯಾಸ ನನಗೆ ಪ್ರಶ್ನೆಗಿಂತ ಹೆಚ್ಚು ಇಷ್ಟ. ಬ್ಯಾಂಕಿನವರ ಮೇಜು ಎರಡನೇ ಸುಳಿವಿಗೇ ಕೈ ಎತ್ತಿತು.

ಉಡುಪಿ ಅಂದ ಮೇಲೆ ಅಡುಗೆ ಬಾರದಿದ್ದರೆ ಹೇಗೆ? ಲೆನ್ ಡೈಟನ್ 1962ರಲ್ಲಿ ‘ದಿ ಇಪ್ಕ್ರೆಸ್ ಫೈಲ್’ ಅನ್ನುವ ಗೂಢಚಾರ ಕಾದಂಬರಿ ಬರೆದವರು. ಅದೇ ಕಾಲದಲ್ಲಿ ಪತ್ರಿಕೆಗೆ ಅಡುಗೆ ವಿಧಾನವನ್ನು ಕಾಮಿಕ್ಸ್ ತರಹ ಚಿತ್ರ ಬರೆದು ಕೊಡುತ್ತಿದ್ದರು. ಇದನ್ನು ಸುಲಭದ ರೌಂಡಿಗೆ ಹಾಕಿದೆ.

ಕನ್ನಡದ್ದು ಒಂದು ಇರಲೇಬೇಕು ಅನ್ನುವುದು ನನ್ನ ಹಠ. ನಮ್ಮಲ್ಲಿ ಗೂಢಚಾರ ಕಾದಂಬರಿಗಿಂತ ಪತ್ತೇದಾರಿಯದ್ದೇ ಜೋರು. ಎನ್. ನರಸಿಂಹಯ್ಯ ಅವರ ‘ಪತ್ತೇದಾರ ಪುರುಷೋತ್ತಮ’ವನ್ನು ಶಾಲೆಯ ಪುಸ್ತಕದೊಳಗೆ ಇಟ್ಟು ಓದಿದ ತಲೆಮಾರು ಇನ್ನೂ ಇದೆ. ನಾನು ಕೇಳಿದ್ದು ಬೇರೆ. “ಈ ಪತ್ತೇದಾರಿ ಕಾದಂಬರಿಕಾರರು ರೂಪಿಸಿದ ಒಂದು ವಸ್ತುವನ್ನು ನೀವು ನವೆಂಬರ್ ತಿಂಗಳಲ್ಲಿ ಪ್ರತಿ ರಿಕ್ಷಾ ಸ್ಟ್ಯಾಂಡಿನಲ್ಲೂ ನೋಡುತ್ತೀರಿ. ಯಾರು, ಏನು?” ಹಳದಿ-ಕೆಂಪು ಕನ್ನಡ ಬಾವುಟ, ಮ. ರಾಮಮೂರ್ತಿ. ‘ಏನು’ ಅನ್ನುವುದು ಎಲ್ಲರಿಗೂ ಹೊಳೆಯಿತು. ‘ಯಾರು’ ಅಂತ ಹೇಳಲು ಸಭೆಯಲ್ಲಿ ಒಬ್ಬ ಅಜ್ಜನೇ ಬೇಕಾದರು.

ಬೆಳಕಿನ ಪ್ರಶ್ನೆಗಳಲ್ಲಿ ಅಪಾಯ ಜಾಸ್ತಿ. ಪಠ್ಯಪುಸ್ತಕದ ವಾಸನೆ ಬಂದರೆ ದೊಡ್ಡವರು ಮುಖ ತಿರುಗಿಸುತ್ತಾರೆ. ಸಿ.ವಿ. ರಾಮನ್ ಅವರ ಬಗ್ಗೆ ಕೇಳದೆ ಇರಲಿಕ್ಕಾಗುವುದಿಲ್ಲ. ಆದರೆ ಫೆಬ್ರವರಿ 28 ಯಾಕೆ ವಿಜ್ಞಾನ ದಿನ ಅನ್ನುವುದು ಐದನೇ ಕ್ಲಾಸಿನ ಮಗುವಿಗೂ ಗೊತ್ತು. ನನಗೆ ಬೇಕಾದದ್ದು 1921ರ ಹಡಗು ಪ್ರಯಾಣ. ರಾಮನ್ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ನೋಡಿ ನಿಂತರು. ಅದು ಬರೀ ಆಕಾಶದ ಪ್ರತಿಬಿಂಬ ಅಂತ ಲಾರ್ಡ್ ರೇಲಿ ಹೇಳಿದ್ದರು. ರಾಮನ್ ಜೊತೆಗಿದ್ದ ನಿಕೋಲ್ ಪ್ರಿಸಂ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹರಳು, ಅದರ ಮೂಲಕ ನೀರನ್ನು ನೋಡಿದರು. ನೀಲಿ ಹೋಗಲಿಲ್ಲ. ನನ್ನ ಪ್ರಶ್ನೆ: ಆ ಪ್ರಿಸಂ ಹಿಡಿದು ಅವರು ಯಾವುದನ್ನು ಕಣ್ಣಿಗೆ ಬಾರದಂತೆ ತಡೆದರು?

‘ಸಮುದ್ರ ಯಾಕೆ ನೀಲಿ’ ಅಂತ ಬೇಕೆಂದೇ ಕೇಳಲಿಲ್ಲ. ಅದಕ್ಕೆ ನೀರಿನ ಕಣಗಳು ಬೆಳಕನ್ನು ಚದುರಿಸುವುದರ ಜೊತೆಗೆ, ನೀರು ಕೆಂಪನ್ನು ಹೀರಿಕೊಳ್ಳುವುದನ್ನೂ ಸೇರಿಸಬೇಕು. ಅರ್ಧ ಉತ್ತರಕ್ಕೆ ಎಷ್ಟು ಅಂಕ ಅಂತ ಜಗಳ ಖಂಡಿತ. ನಾನು ಕೇಳಿದ್ದಕ್ಕೆ ಉತ್ತರ ಒಂದೇ: ನೀರಿನ ಮೇಲ್ಮೈಯಿಂದ ಪ್ರತಿಫಲಿಸಿ ಬರುವ ಆಕಾಶದ ಬೆಳಕು. ಹೇಳಿದ್ದು ಮಲ್ಪೆಯ ಹುಡುಗಿ. ಅವಳ ಚಿಕ್ಕಪ್ಪ ಬೋಟಿನಲ್ಲಿ ಪೋಲರಾಯ್ಡ್ ಕನ್ನಡಕ ಹಾಕುತ್ತಾರಂತೆ, ಹಾಕಿದರೆ ನೀರಿನ ಹೊಳಪು ಹೋಗಿ ಒಳಗಿನದ್ದು ಕಾಣುತ್ತದಂತೆ. ಮಲ್ಪೆಯ ದಕ್ಕೆಯಲ್ಲಿ ನಿಂತು ನಾನೂ ಹಾಗೆ ನೋಡಿದ್ದೇನೆ. ನೆಟ್ಟಗೆ ಕೆಳಗೆ ನೋಡಿದರೆ ಏನೂ ವ್ಯತ್ಯಾಸ ಇಲ್ಲ. ಸ್ವಲ್ಪ ದೂರದ ನೀರನ್ನು ಓರೆಯಾಗಿ ನೋಡುತ್ತಾ ಕನ್ನಡಕವನ್ನು ಮೆಲ್ಲ ತಿರುಗಿಸಬೇಕು. ಒಂದು ಕಡೆ ತಿರುಗಿಸಿದಾಗ ಹೊಳಪು ಆರುತ್ತದೆ, ಇನ್ನೊಂದು ಕಡೆ ವಾಪಸ್ ಬರುತ್ತದೆ.

ಮಾಷ್ಟ್ರಿಗೆ ಮಾತು ಕೊಟ್ಟಿದ್ದೆ, ಒಂದು ಪ್ರಯೋಗವಾದರೂ ಮಾಡಿ ತೋರಿಸುತ್ತೇನೆ ಅಂತ. ಆರಿಸಿದ್ದು ಫ್ರಾನ್ಸಿನ ಕಥೆ. 1818ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಫ್ರೆನೆಲ್ ಎಂಬ ಎಂಜಿನಿಯರ್ ಬೆಳಕು ಅಲೆ ಅನ್ನುವ ಪ್ರಬಂಧ ಕೊಟ್ಟರು. ತೀರ್ಪುಗಾರರಲ್ಲಿ ಒಬ್ಬರಾದ ಪಾಯ್ಸನ್‌ಗೆ ನಂಬಿಕೆ ಬರಲಿಲ್ಲ. ನಿಮ್ಮ ಲೆಕ್ಕ ಸರಿಯಾದರೆ ದುಂಡಗಿನ ತಟ್ಟೆಯ ನೆರಳಿನ ಸರಿ ನಡುವೆ ಬೆಳಕಿನ ಚುಕ್ಕಿ ಇರಬೇಕಾಗುತ್ತದೆ, ಇದು ಆಗುವ ಮಾತಾ ಅಂದರು. ಅರಾಗೊ ಎಂಬ ಇನ್ನೊಬ್ಬ ತೀರ್ಪುಗಾರರು ಮಾಡಿಯೇ ನೋಡಿದರು. ಚುಕ್ಕಿ ಇತ್ತು!

ಮಾಡಲಿಕ್ಕೆ ಖರ್ಚು ಏನಿಲ್ಲ. ಸೈಕಲ್ ಶಾಪಿನಿಂದ ಸಣ್ಣ ಬೇರಿಂಗ್ ಗುಂಡು ತಂದೆ. ಗೀರು ಇಲ್ಲದ ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಅಂಟು ಹಾಕಿ ಕೂರಿಸಿದೆ. ಅಂಟು ಗುಂಡಿನ ಆಚೆ ಹರಡಬಾರದು, ಹರಡಿದರೆ ನೆರಳಿನ ಅಂಚು ಕೆಡುತ್ತದೆ. ಲೇಸರ್ ಪಾಯಿಂಟರಿನ ಕಿರಣ ತುಂಬಾ ಸಪೂರ, ಗುಂಡನ್ನು ಪೂರ್ತಿ ಆವರಿಸುವುದಿಲ್ಲ. ಅದಕ್ಕೆ ಮುಂದೆ ಒಂದು ಪುಟ್ಟ ಲೆನ್ಸ್ ಇಟ್ಟು ಬೆಳಕು ಅಗಲ ಆಗುವ ಹಾಗೆ ಮಾಡಿದೆ. ಪಾಯಿಂಟರನ್ನು ಬಟ್ಟೆ ಕ್ಲಿಪ್ಪಿನಿಂದ ಕಚ್ಚಿಸಿ ಇಟ್ಟೆ, ಕೈಯಲ್ಲಿ ಹಿಡಿದರೆ ನಡುಗುತ್ತದೆ. ಬಾಗಿಲು ಹಾಕಿ, ಲೈಟ್ ಆರಿಸಿ, ಎದುರು ಗೋಡೆಗೆ ಬಿಳಿ ಕಾಗದ ಅಂಟಿಸಿದೆವು. ಕೆಂಪು ಬೆಳಕಿನ ನಡುವೆ ಕಪ್ಪು ನೆರಳು, ನೆರಳಿನ ನಡುವೆ ಸಾಸಿವೆಯಷ್ಟು ಕೆಂಪು ಚುಕ್ಕಿ. ಗುಂಡಿಗೆ ತೂತು ಇದೆಯಾ ಅಂತ ಒಬ್ಬ ಹುಡುಗ ಎದ್ದು ಬಂದು ಮುಟ್ಟಿ ನೋಡಿದ. ಲೇಸರ್ ಯಾರ ಕಣ್ಣಿಗೂ ಬೀಳದ ಹಾಗೆ ಎಲ್ಲರನ್ನೂ ಹಿಂದೆ ನಿಲ್ಲಿಸಿಕೊಂಡೇ ಇದನ್ನು ಮಾಡಬೇಕು.

ದೀಪಸ್ತಂಭದ ಲೆನ್ಸ್ ರೂಪಿಸಿದವರೂ ಅದೇ ಫ್ರೆನೆಲ್, ಅಲ್ಲಿಂದ ಕಾಪುವಿಗೆ ಬಂದೆ. ನಮ್ಮ ಕಾಪು ದೀಪಸ್ತಂಭ 1901ರದ್ದು. ದೊಡ್ಡ ದೀಪಸ್ತಂಭಕ್ಕೆ ದಪ್ಪ ಲೆನ್ಸ್ ಬೇಕು, ಆದರೆ ಅಷ್ಟು ದಪ್ಪದ ಗಾಜು ವಿಪರೀತ ಭಾರ. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ. ಹಾಗಾದರೆ ಒಳಗಿನ ಗಾಜನ್ನು ಏನು ಮಾಡಬಹುದು? ತೆಗೆದುಹಾಕಬಹುದು, ಮೇಲ್ಮೈಯ ಓರೆಯನ್ನು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಉಳಿಸಬಹುದು. ಎಂಜಿನಿಯರಿಂಗ್ ಹುಡುಗರು ಪೇಪರಿನ ಮೇಲೆ ಚಿತ್ರ ಬರೆದೇ ಉತ್ತರ ಕೊಟ್ಟರು.

ಎರಡೂ ವಿಷಯ ಸೇರುವ ಇನ್ನೊಂದು ಪ್ರಶ್ನೆ ಮೈಕ್ರೋಡಾಟ್‌ನದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗೂಢಚಾರರು ಇಡೀ ಪುಟವನ್ನು ಫೋಟೋ ತೆಗೆದು, ಕುಗ್ಗಿಸಿ, ಕಾಗದದಲ್ಲಿ ಪೂರ್ಣವಿರಾಮದ ಜಾಗಕ್ಕೆ ಅಂಟಿಸುತ್ತಿದ್ದರು. ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಗುಟ್ಟು ರಟ್ಟಾಗುತ್ತಿತ್ತು, ಹೇಗೆ? ಶಾಯಿಯ ಚುಕ್ಕಿ ಮಂಕು, ಫಿಲ್ಮಿನ ಚುಕ್ಕಿ ಮಿನುಗುತ್ತದೆ.

ಪ್ರಶ್ನೆ ಬರೆದಾದ ಮೇಲೆ ಅದಕ್ಕೆ ಎರಡನೇ ಉತ್ತರ ಉಂಟಾ ಅಂತ ನೋಡುವುದು ದೊಡ್ಡ ಕೆಲಸ. ಐನ್‌ಸ್ಟೈನ್‌ಗೆ ನೊಬೆಲ್ ಬಂದ ವರ್ಷ ನಾನು ಕೇಳುವುದಿಲ್ಲ. 1921ರ ಬಹುಮಾನ, ಕೊಟ್ಟದ್ದು 1922ರಲ್ಲಿ. ಎರಡೂ ಸರಿ ಅನ್ನುವವರು ಇರುತ್ತಾರೆ. ‘ಯಾವುದಕ್ಕೆ’ ಅಂತ ಕೇಳಿದರೆ ತೊಂದರೆ ಇಲ್ಲ, ದ್ಯುತಿವಿದ್ಯುತ್ ಪರಿಣಾಮ. ‘ಮೊದಲ ಗೂಢಚಾರ ಕಾದಂಬರಿ ಯಾವುದು’ ಅನ್ನುವುದಂತೂ ಬೇಡವೇ ಬೇಡ. ಬೆಳಕಿನ ವೇಗವನ್ನೂ ಸುಮ್ನೆ ಕೇಳಬಾರದು. ಸೆಕೆಂಡಿಗೆ 29,97,92,458 ಮೀಟರ್ ಅಂತ ನಾನೇ ಸ್ಲೈಡಿನಲ್ಲಿ ಹಾಕಿದೆ. ಇನ್ನೆಷ್ಟು ಒಳ್ಳೆಯ ಉಪಕರಣ ಬಂದರೂ ಈ ಸಂಖ್ಯೆ ಬದಲಾಗುವುದಿಲ್ಲ, ಯಾಕೆ ಅಂತ ಕೇಳಿದೆ. 1983ರಿಂದ ಮೀಟರಿನ ವ್ಯಾಖ್ಯೆಯೇ ಆ ಸಂಖ್ಯೆಯ ಮೇಲೆ ನಿಂತಿದೆ. ಯಾರೂ ಹೇಳಲಿಲ್ಲ, ಹೇಳಿದ ಮೇಲೆ ಎಲ್ಲರೂ ‘ಅಯ್ಯೋ’ ಅಂದರು. ಅಂಥ ‘ಅಯ್ಯೋ’ ಬಂದರೆ ಪ್ರಶ್ನೆ ಗೆದ್ದ ಹಾಗೆ.

ಕೊನೆಗೆ ಬ್ಯಾಂಕಿನವರೂ ಒಂದು ಹೈಸ್ಕೂಲು ತಂಡವೂ ಸಮ ಸಮ. ಟೈಬ್ರೇಕರಿಗೆ ಇದನ್ನು ಇಟ್ಟಿದ್ದೆ: “1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ವಿಜ್ಞಾನಿಯೊಬ್ಬರು ಗುಂಟೂರಿಗೆ ಬಂದಿದ್ದರು. ಆ ವರ್ಷ ಸೂರ್ಯನ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದಾಗ ಕಂಡ ಒಂದು ಹಳದಿ ಗೆರೆ, ಭೂಮಿಯಲ್ಲಿ ಗೊತ್ತಿದ್ದ ಯಾವ ಧಾತುವಿನದ್ದೂ ಅಲ್ಲ. ಯಾವುದು ಆ ಧಾತು?” ಮಕ್ಕಳು ಬಜರ್ ಒತ್ತಿ ಹೀಲಿಯಂ ಅಂದರು. ಮಾಷ್ಟ್ರು ಎದ್ದು ನಿಂತರು, ತಮ್ಮ ಮಕ್ಕಳೇ ಗೆದ್ದದ್ದು ಅಂತಲೂ ನೋಡದೆ. “ಅಲ್ಲ ಮಾರಾಯ್ರೇ, ಗುಂಟೂರಿಗೆ ಬಂದದ್ದು ಜಾನ್ಸೆನ್. ಅದು ಹೊಸ ಧಾತು ಅಂದದ್ದು ಇಂಗ್ಲೆಂಡಿನ ಲಾಕಿಯರ್. ಜಾನ್ಸೆನ್‌ಗೆ ಪೂರ್ತಿ ಶ್ರೇಯ ಕೊಡುವುದು ಸರಿಯಾ?” “ಮಾಷ್ಟ್ರೇ, ಯಾರು ಕಂಡುಹಿಡಿದರು ಅಂತ ನಾನು ಕೇಳಲೇ ಇಲ್ಲ” ಅಂತ ಸ್ಲೈಡ್ ವಾಪಸ್ ಹಾಕಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, “ಹಾಂ, ಇದಕ್ಕೆ ಅಂಕ ಕೊಡಬಹುದು” ಅಂದರು.