ಬಾಬಾಬುಡನ್‌ಗಿರಿಯ ಒಂದೇ ತೋಟದ ಕಾಫಿಯಿಂದ ಎಸ್ಪ್ರೆಸೊ ತೆಗೆಯುವ ಕ್ರಮ

ಚಿಕ್ಕಮಗಳೂರಿನ ಮನೆಗಳಲ್ಲಿ ಕಾಫಿ ಎಂದರೆ ಚಿಕೋರಿ ಬೆರೆತ ಪುಡಿಯ ಡಿಕಾಕ್ಷನ್, ಕಾಯಿಸಿದ ಹಾಲು ಮತ್ತು ಸಕ್ಕರೆ. ಆ ಕಾಫಿ ನನಗೂ ಪ್ರಿಯವೇ. ಆದರೆ ನಮ್ಮ ಗಿರಿಯ ಅರೇಬಿಕಾದಲ್ಲಿರುವ ಹಣ್ಣಿನ ಹುಳಿ-ಸಿಹಿಯೂ ಹೂವಿನ ಘಮವೂ ಅದರಲ್ಲಿ ನಾಲಿಗೆಗೆ ಸಿಗುವುದಿಲ್ಲ. ಅವನ್ನು ಅರಿಯಬೇಕಾದರೆ ಒಂದೇ ತೋಟದ, ಕಡಿಮೆ ಹುರಿದ ಬೀಜದಿಂದ ಎಸ್ಪ್ರೆಸೊ (ಯಂತ್ರದ ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಗಾಢ ಕಾಫಿ) ತೆಗೆದು ಹಾಲು ಬೆರೆಸದೆ ಕುಡಿಯಬೇಕು.

ಬೀಜ ಕೊಳ್ಳುವಾಗ ತೋಟದ ಹೆಸರು, ತಳಿ, ಸಂಸ್ಕರಣೆಯ ವಿಧಾನ ಮತ್ತು ಹುರಿದ ದಿನಾಂಕವನ್ನು ಪೊಟ್ಟಣದ ಮೇಲೆ ಓದಿ ನೋಡಿ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಚಿಕ್ಕಮಗಳೂರು ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದು ಬೆಳೆದ ಸೀಮೆಯನ್ನು ಹೇಳುತ್ತದೆಯೇ ಹೊರತು ಲೋಟದಲ್ಲಿ ಯಾವ ರುಚಿ ಬರುತ್ತದೆಂಬುದನ್ನಲ್ಲ. ನಮ್ಮಲ್ಲಿ ಬಹಳ ಕಡೆ ಕಾಣುವ ತಳಿ ಎಸ್. 795. ಹೂವಿನ ಘಮವೇ ಮುಖ್ಯವೆನ್ನುವವರು ಸೆಲೆಕ್ಷನ್ 9 ಅನ್ನು ಹುಡುಕುವುದು ಒಳ್ಳೆಯದು. ಇಥಿಯೋಪಿಯ ಮೂಲದ ತಫಾರಿಕೇಲಾ ತಳಿ ಅದರ ಹೆತ್ತವರಲ್ಲೊಂದು.

ಮಾರ್ಚ್-ಏಪ್ರಿಲ್‌ನ ಹೂಮಳೆಯ ನಂತರ ತೋಟವಿಡೀ ಮಲ್ಲಿಗೆಯಂತೆ ಘಮಘಮಿಸುವುದನ್ನು ಕಂಡವರು ಆ ವಾಸನೆಯೇ ಬೀಜಕ್ಕೆ ಇಳಿಯುತ್ತದೆಂದು ಭಾವಿಸುವುದುಂಟು. ಹಾಗಿಲ್ಲ. ತಳಿ, ಎತ್ತರ, ನೆರಳು ಮತ್ತು ಹಣ್ಣು ನಿಧಾನವಾಗಿ ಮಾಗುವ ಬಗೆ ಇವೆಲ್ಲ ಸೇರಿ ಬೀಜದ ಘಮವನ್ನು ರೂಪಿಸುತ್ತವೆ; ಕುಯ್ಲು ಮತ್ತು ಕಣದ ಕೆಲಸ ಅದನ್ನು ಉಳಿಸುತ್ತವೆ ಅಥವಾ ಕೆಡಿಸುತ್ತವೆ. ಪೂರ್ತಿ ಕೆಂಪಾದ ಹಣ್ಣನ್ನು ಬೆರಳುಗಳ ನಡುವೆ ಹಿಸುಕಿದರೆ ಲೋಳೆ ಮೆತ್ತಿದ ಎರಡು ಬೀಜಗಳು ಜಾರಿ ಹೊರಬರುತ್ತವೆ, ಆ ಲೋಳೆ ನಾಲಿಗೆಗೆ ಸಿಹಿಯಾಗಿರುತ್ತದೆ. ಹಸಿರುಗಾಯಿಯಲ್ಲಿ ಆ ಸಿಹಿಯಿಲ್ಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಿ, ಲೋಳೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯಲ್ಲಿ ಹೂವಿನ ಘಮ ಸ್ವಚ್ಛವಾಗಿ ಕಾಣುತ್ತದೆ. ಹಣ್ಣನ್ನು ಇಡಿಯಾಗಿ ಒಣಗಿಸಿದ್ದರಲ್ಲಿ ಹಣ್ಣಿನ ರುಚಿ ಗಾಢವಾಗಿರುತ್ತದೆ, ಆದರೆ ಕಣದಲ್ಲಿ ತೆಳುವಾಗಿ ಹರವಿ ಆಗಾಗ ಕೈಯಾಡಿಸದಿದ್ದರೆ ಹುದುಗಿದ ವಾಸನೆ ಅಂಟಿಕೊಳ್ಳುತ್ತದೆ.

ಕಡಿಮೆ ಹುರಿದ ಬೀಜವನ್ನು ಹುರಿದ ದಿನದಿಂದ ಹತ್ತು ದಿನ, ಸಾಧ್ಯವಾದರೆ ಎರಡು ವಾರ, ಮುಚ್ಚಿದ ಡಬ್ಬಿಯಲ್ಲಿ ಬಿಡಿ. ಒಳಗಿನ ಅನಿಲ ಹೊರಹೋಗುವ ಮೊದಲು ತೆಗೆದ ಎಸ್ಪ್ರೆಸೊ ನೊರೆನೊರೆಯಾಗಿ, ಚುರುಕು ಹುಳಿಯಾಗಿ ಬರುತ್ತದೆ. ಮಿಕ್ಸಿಯಲ್ಲಿ ಪುಡಿ ಸಮನಾಗುವುದಿಲ್ಲವಾದ್ದರಿಂದ ಬರ್ (ಬೀಜವನ್ನು ನಡುವೆ ಅರೆಯುವ ಹಲ್ಲಿನ ಚಕ್ರಗಳು) ಇರುವ ಗ್ರೈಂಡರ್ ಅಗತ್ಯ. ಇದಕ್ಕೆ ಪರ್ಯಾಯವಿಲ್ಲವೆಂದೇ ನನ್ನ ಅಭಿಪ್ರಾಯ.

18 ಗ್ರಾಂ ಪುಡಿಯನ್ನು ಎಸ್ಪ್ರೆಸೊ ಯಂತ್ರದ ಜರಡಿ ಬಟ್ಟಲಿಗೆ ಹಾಕಿ, ಸಣ್ಣ ಕಡ್ಡಿಯಿಂದ ಗಂಟುಗಳನ್ನು ಬಿಡಿಸಿ, ಮೇಲ್ಮೈ ಓರೆಯಾಗದಂತೆ ಒತ್ತಬೇಕು. ಓರೆಯಾದರೆ ನೀರು ಒಂದೇ ಬದಿಯಿಂದ ದಾರಿ ಮಾಡಿಕೊಂಡು, ಒಂದು ಭಾಗ ಕಹಿಯಾಗಿಯೂ ಮತ್ತೊಂದು ಭಾಗ ಹುಳಿಯಾಗಿಯೂ ಇಳಿಯುತ್ತದೆ. ಕಡಿಮೆ ಹುರಿದ ಬೀಜ ಗಟ್ಟಿಯಾಗಿದ್ದು ತನ್ನ ಸಾರವನ್ನು ಸುಲಭವಾಗಿ ಬಿಡುವುದಿಲ್ಲವಾದ ಕಾರಣ ನೀರು 94ರಿಂದ 96 ಡಿಗ್ರಿ ಸೆಲ್ಸಿಯಸ್ ಇರಲಿ, ಮತ್ತು ಲೋಟಕ್ಕೆ ಇಳಿಯುವ ಕಾಫಿಯನ್ನು ಸಾಮಾನ್ಯವಾಗಿ ಹೇಳುವ 36 ಗ್ರಾಂಗೆ ನಿಲ್ಲಿಸದೆ 45 ಗ್ರಾಂವರೆಗೆ, ಸುಮಾರು 30 ಸೆಕೆಂಡುಗಳಲ್ಲಿ, ಇಳಿಸಿಕೊಳ್ಳಿ. ಲೋಟವನ್ನು ತಕ್ಕಡಿಯ ಮೇಲಿಟ್ಟೇ ಇದನ್ನು ಮಾಡಬೇಕು, ನೊರೆಯಿಂದಾಗಿ ಕಣ್ಣಳತೆ ತಪ್ಪುತ್ತದೆ.

ನಾಲಿಗೆಯ ಅಂಚನ್ನು ಚುಚ್ಚುವ ಹುಳಿಯಿದ್ದು ರುಚಿ ತೆಳುವಾಗಿದ್ದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಿ. ಬಾಯಿ ಒಣಗಿಸುವ ಕಹಿಯಿದ್ದರೆ ಸ್ವಲ್ಪ ತರಿಯಾಗಿಸಿ. ಪುಡಿಯ ಹದ, ಶಾಖ, ತೂಕ ಈ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ರುಚಿ ಬದಲಾಯಿತೆಂದು ತಿಳಿಯದು, ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಇಳಿಸಿದ ಎಸ್ಪ್ರೆಸೊವನ್ನು ಚಮಚದಿಂದ ಕದಡಿ, ಎರಡು ನಿಮಿಷ ಆರಲು ಬಿಟ್ಟು ಕುಡಿಯಿರಿ, ಏಕೆಂದರೆ ತೀರಾ ಬಿಸಿಯಿರುವಾಗ ಹಣ್ಣಿನ ಸಿಹಿ ತಿಳಿಯುವುದಿಲ್ಲ. ಗಾಢವೆನಿಸಿದರೆ ಹಾಲಿನ ಬದಲು ಬಿಸಿನೀರು ಬೆರೆಸಿಕೊಳ್ಳಬಹುದು.