ಹೊಗೆ ಹಿಡಿಯೋ ಹುಡುಗರ ಸಾಧನೆ ಬರೆಯೋದು ಹೇಗೆ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ 31 ವರ್ಷ ಕೆಮಿಕಲ್ ವಿಭಾಗದಲ್ಲಿ ಪಾಠ ಮಾಡಿದೆ. ನಿವೃತ್ತಿ ಆದ ಮೇಲೆ ಸುಮ್ನೆ ಕೂರೋಕೆ ಬಿಡದೆ ಹಳೆ ವಿದ್ಯಾರ್ಥಿಗಳ ಸಂಘದವರು ಸ್ಮರಣ ಸಂಚಿಕೆಯ ಕೆಲಸ ತಲೆಗೆ ಕಟ್ಟಿದರು. ಇತ್ತೀಚೆಗೆ ನಮ್ಮ ಹುಡುಗ ಹುಡುಗಿಯರಲ್ಲಿ ಕಾರ್ಬನ್ ಕ್ಯಾಪ್ಚರ್, ಅಂದರೆ ಕಾರ್ಬನ್ ಡೈಆಕ್ಸೈಡನ್ನು ಹಿಡಿದಿಡೋ ಕೆಲಸದ ಕಡೆ ಹೋದವರು ಜಾಸ್ತಿ. ಸಾಫ್ಟ್‌ವೇರ್‌ನವರ ಬಗ್ಗೆ ಬರೆಯೋದು ಸುಲಭ, ಕಂಪನಿ ಹೆಸರು ಹಾಕಿದರೆ ಊರಿಗೆಲ್ಲ ಅರ್ಥ ಆಗುತ್ತೆ. ಇವರದ್ದು ಹಾಗಲ್ಲ. ಒಬ್ಬ ಹುಡುಗನ ತಾಯಿ ಮಾರ್ಕೆಟ್ಟಿನಲ್ಲಿ ಸಿಕ್ಕಿ ಕೇಳಿದರು: "ಸಾರ್, ನಮ್ ಹುಡುಗ ಅಲ್ಲಿ ಹೊಗೆ ಹಿಡಿಯೋ ಕೆಲಸ ಮಾಡ್ತಾನಂತೆ. ಅದಕ್ಕೆ ನಾರ್ವೆ ತನಕ ಹೋಗ್ಬೇಕಿತ್ತೇನ್ರೀ? ನಮ್ ಮಂಡಕ್ಕಿ ಭಟ್ಟಿ ಹತ್ರ ಬೇಕಾದಷ್ಟೈತಲ್ಲ!"

ನಿಮ್ಮ ಕಾಲೇಜಿನ ಸಂಚಿಕೆಗೂ ಇಂಥವರ ಬಗ್ಗೆ ಬರೆಯೋ ಕೆಲಸ ಬಂದರೆ, ಮೊದಲು ನಾನು ಕೆಡಿಸಿದ ಕಥೆ ಕೇಳಿ.

ಅದೇ ಹುಡುಗನ ಬಗ್ಗೆ ಮೊದಲ ವರ್ಷ ನಾನು ಬರೆದದ್ದು ಇದು: "ಜಾಗತಿಕ ತಾಪಮಾನ ತಡೆಯುವ ಯಂತ್ರ ಕಂಡುಹಿಡಿದ ನಮ್ಮ ಹೆಮ್ಮೆಯ ವಿಜ್ಞಾನಿ." ಪ್ರತಿ ಅಚ್ಚಾಗಿ ಹಂಚಿಯೂ ಆಯ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಸರ್, ನಾನು ಯಂತ್ರ ಗಿಂತ್ರ ಏನೂ ಕಂಡುಹಿಡಿದಿಲ್ಲ. ಪೈಪ್ ತುಕ್ಕು ಹಿಡಿಯೋದರ ಮೇಲೆ ಕೆಲಸ ಮಾಡೋನು. ನಮ್ಮ ಟೀಮಲ್ಲೇ 40 ಜನ ಇದ್ದಾರೆ. ಇದನ್ನ ಯಾರಾದ್ರೂ ಓದಿ ಹೇಳಿದ್ರೆ ಮುಖ ಎಲ್ಲಿಟ್ಕೊಳ್ಳಲಿ?" ನನಗೆ ನಾಚಿಕೆ ಆಯ್ತು. ಸುಳ್ಳು ಬರೆದದ್ದಕ್ಕಿಂತ, ಅವನು ನಿಜವಾಗಿ ಮಾಡಿದ ಕೆಲಸ ಏನು ಅಂತ ಕೇಳಲೇ ಇಲ್ಲವಲ್ಲ ಅಂತ. ಕಾರ್ಬನ್ ಡೈಆಕ್ಸೈಡ್ ಜೊತೆ ನೀರು ಸೇರಿದರೆ ಆಮ್ಲ ಆಗುತ್ತೆ. ಅದು ಉಕ್ಕಿನ ಪೈಪನ್ನು ಒಳಗಿಂದ ತಿನ್ನುತ್ತೆ. ಪೈಪ್ ಉಳಿಯದಿದ್ದರೆ ಹಿಡಿದ ಗಾಳಿಯನ್ನು ಸಾಗಿಸೋದು ಹೇಗೆ? ಬರೆಯಬೇಕಾದ ಸಾಧನೆ ಅದೇ ಆಗಿತ್ತು.

ಹಾಗಾಗಿ ಮೊದಲು ಕೇಳಬೇಕಾದ್ದು: ನೀನು ಹಿಡಿಯೋನೋ, ಸಾಗಿಸೋನೋ, ನೆಲದಡಿ ಹೂಳೋನೋ? ಈ ಮೂರರಲ್ಲಿ ಎಲ್ಲಿದ್ದಾನೆ ಅಂತ ತಿಳಿದರೆ ಅರ್ಧ ಬರಹ ಆದಂತೆ. ಹಿಡಿಯೋರಲ್ಲೂ ಎರಡು ಜಾತಿ ಇದೆ: ಚಿಮಣಿಯಿಂದ ಹಿಡಿಯೋರು, ಬಯಲು ಗಾಳಿಯಿಂದ ಹಿಡಿಯೋರು. ಕಲ್ಲಿದ್ದಲು ಸ್ಥಾವರದ ಚಿಮಣಿಯಿಂದ ಬರೋ ಗಾಳಿಯಲ್ಲಿ ನೂರಕ್ಕೆ 12ರಿಂದ 14 ಪಾಲು ಕಾರ್ಬನ್ ಡೈಆಕ್ಸೈಡ್. ನಾವು ಉಸಿರಾಡೋ ಗಾಳಿಯಲ್ಲಿ 10 ಸಾವಿರಕ್ಕೆ ಸುಮಾರು 4. ಆ ತಾಯಿಗೆ ನಾನು ಹೀಗೆ ಹೇಳಿದೆ: "ಅಮ್ಮಾ, ಅವನು ಹಿಡಿಯೋದು ಕಣ್ಣಿಗೆ ಕಾಣೋ ಹೊಗೆ ಅಲ್ಲ, ಅದರೊಳಗಿನ ಕಾಣದ ಗಾಳಿ. ಮಂಡಕ್ಕಿಯಲ್ಲಿ ಶೇಂಗಾ ಆರಿಸಿದ ಹಾಗೆ. ಚಿಮಣಿ ಅಂದ್ರೆ ನೂರು ಕಾಳಿಗೆ 13 ಶೇಂಗಾ ಇದ್ದಂಗೆ. ಬಯಲು ಗಾಳಿ ಅಂದ್ರೆ 10 ಸಾವಿರ ಕಾಳಿಗೆ ನಾಲ್ಕೇ ನಾಲ್ಕು." ಅವರು ನಕ್ಕು, "ಹಂಗಾದ್ರೆ ನಾಲ್ಕು ಆರಿಸೋರಿಗೆ ಸಂಬಳ ಜಾಸ್ತಿ ಕೊಡ್ಬೇಕು ಬಿಡಿ" ಅಂದರು. ಅದು ಸರಿಯೇ. ಬಯಲು ಗಾಳಿಯಿಂದ ಹಿಡಿಯೋದು ದುಬಾರಿ ಅನ್ನೋದಕ್ಕೆ ಮುಖ್ಯ ಕಾರಣ ಇದೇ.

ಕೇಳೋದಕ್ಕೆ ಇಮೇಲ್ ಬೇಡ. ಇಮೇಲ್ ಹಾಕಿದರೆ ಬಯೋಡೇಟಾ ಬರುತ್ತೆ, ಅದರಲ್ಲಿ ಹುದ್ದೆ, ದೇಶ, ಪ್ರಶಸ್ತಿ ಅಷ್ಟೇ ಇರುತ್ತೆ. ವಾಟ್ಸ್‌ಆಪ್‌ನಲ್ಲಿ ಕನ್ನಡದಲ್ಲೇ ವಾಯ್ಸ್ ಮೆಸೇಜ್ ಕಳಿಸಿ. ಬೆಳಿಗ್ಗೆ ಲ್ಯಾಬಿಗೆ ಹೋಗಿ ಮೊದಲು ಏನು ಮುಟ್ತೀಯಪ್ಪಾ? ನೀನು ಸೇರೋ ಮುಂಚೆ ಏನು ಆಗ್ತಿರಲಿಲ್ಲ, ಈಗ ಏನು ಆಗ್ತಿದೆ? ಯಾವ ಪ್ರಯೋಗ ಕೈಕೊಡ್ತು? ಮೂರನೆಯದನ್ನು ಮರೆಯದೆ ಕೇಳಿ. ನಮ್ಮ ಒಬ್ಬ ಹುಡುಗಿ ಎರಡು ವರ್ಷ ಪರೀಕ್ಷಿಸಿದ, ಕಾರ್ಬನ್ ಹಿಡಿಯೋ ದ್ರಾವಣ ಕೊನೆಗೆ ಘಟಕದ ಗೋಪುರದ ತುಂಬ ನೊರೆ ಎಬ್ಬಿಸಿ ಬಿಡ್ತು, ಕೈಬಿಡಬೇಕಾಯ್ತು. "ಅದನ್ನ ಬರೀಬೇಡಿ ಸರ್" ಅಂದಳು. ನಾನು ಒಪ್ಪಿಸಿ ಬರೆದೆ. ಅಂತಿಮ ವರ್ಷದ ಮಕ್ಕಳು ಪುಟ ಮಡಿಚಿ ಇಟ್ಟುಕೊಂಡಿದ್ದು ಅದನ್ನೇ.

ಅವಳ ಕೆಲಸ ಏನು ಅಂತ ಬರೆಯೋಕೆ ನಾನೂ ಹಳೆ ನೋಟ್ಸ್ ತೆಗೆಯಬೇಕಾಯ್ತು. ಅಮೈನ್ ಅನ್ನೋ ದ್ರಾವಣ ಸುಮಾರು 40 ಡಿಗ್ರಿಯಲ್ಲಿ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತೆ, ಸುಮಾರು 120 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಡುತ್ತೆ. ಉಪಾಯ ಹೊಸದಲ್ಲ, ಇದರ ಪೇಟೆಂಟ್ 1930ರದ್ದು. ತೊಂದರೆ ಇರೋದು ಆ ಕಾಯಿಸೋದರಲ್ಲಿ. ಮಾಮೂಲಿಯಾಗಿ ಬಳಸೋ ಎಂಇಎ ಅನ್ನೋ ಅಮೈನ್ ದ್ರಾವಣಕ್ಕೆ ಒಂದು ಟನ್ ಬಿಡಿಸೋಕೆ ಸುಮಾರು 3.5ರಿಂದ 4 ಗಿಗಾಜೂಲ್ ಶಾಖ ಬೇಕು. ಸ್ಥಾವರದ ಹಬೆಯನ್ನೇ ಅದಕ್ಕೆ ಕೊಡಬೇಕು, ಅಂದರೆ ಕರೆಂಟ್ ಕಮ್ಮಿ ಆಗುತ್ತೆ. ಹಾಗಾಗಿ ದ್ರಾವಣದವರನ್ನು ಎಷ್ಟು ಹಿಡಿದೆ ಅಂತ ಕೇಳಬೇಡಿ. ಎಷ್ಟು ಶಾಖ ಉಳಿಸಿದೆ ಅಂತ ಕೇಳಿ.

ಈಗ ಅಂಕಿಗಳ ವಿಷಯ. ನಮ್ಮಂಥವರು ಬೀಳೋದು ಇಲ್ಲೇ. "ಟನ್" ಅಂತ ಕಂಡ ತಕ್ಷಣ ಎರಡು ಪ್ರಶ್ನೆ: ದಿನಕ್ಕೋ, ವರ್ಷಕ್ಕೋ? ಆಗಬಹುದಾದ್ದೋ, ಆದದ್ದೋ? ಒಂದು ಉದಾಹರಣೆ ಕೊಡ್ತೀನಿ. ಮಧ್ಯಪ್ರದೇಶದ ವಿಂಧ್ಯಾಚಲದಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ಎನ್‌ಟಿಪಿಸಿಯವರು 2022ರಲ್ಲಿ ದಿನಕ್ಕೆ 20 ಟನ್ ಹಿಡಿಯೋ ಘಟಕ ಶುರು ಮಾಡಿದರು. 20 ಟನ್ ಅಂದರೆ ಎರಡು ಲಾರಿ ಲೋಡ್, ದೊಡ್ಡದಾಗಿಯೇ ಕೇಳುತ್ತೆ. ಆದರೆ 500 ಮೆಗಾವಾಟ್‌ನ ಕಲ್ಲಿದ್ದಲು ಘಟಕ ಪೂರ್ತಿ ಓಡಿದರೆ ದಿನಕ್ಕೆ 10 ಸಾವಿರ ಟನ್ ಮೇಲೆಯೇ ಬಿಡುತ್ತೆ. ಜಮ್‌ಶೆಡ್‌ಪುರದ ಟಾಟಾ ಸ್ಟೀಲ್‌ನಲ್ಲಿ 2021ರಲ್ಲಿ ಬಂದ ಘಟಕ ದಿನಕ್ಕೆ 5 ಟನ್‌ನದ್ದು. ಇವನ್ನು ಕೀಳು ಮಾಡ್ತಿಲ್ಲ. ಕಲಿಯೋಕೆ ಕಟ್ಟಿದವು, ಕಲಿಸುತ್ತವೆ. ನಿಮ್ಮ ಹಳೆ ವಿದ್ಯಾರ್ಥಿ ಇಂಥ ಕಡೆ ಇದ್ದರೆ "ಪ್ರಾಯೋಗಿಕ ಘಟಕ" ಅಂತ ಧೈರ್ಯವಾಗಿ ಬರೆಯಿರಿ, "ಮಾಲಿನ್ಯ ಮುಕ್ತ ಸ್ಥಾವರ" ಅಂತ ಬರೀಬೇಡಿ. ಕೆನಡಾದ ಬೌಂಡರಿ ಡ್ಯಾಮ್ ಅನ್ನೋ ಕಲ್ಲಿದ್ದಲು ಸ್ಥಾವರ ನೋಡಿ. 2014ರಲ್ಲಿ ಶುರುವಾದಾಗ ವರ್ಷಕ್ಕೆ 10 ಲಕ್ಷ ಟನ್ ಅಂತ ಹೇಳಿದ್ದರು. ಆಮೇಲೆ ವರ್ಷಗಟ್ಟಲೆ ಅಷ್ಟು ಮುಟ್ಟಲಿಲ್ಲ.

ಹೂಳೋದು ಬೇರೆ, ಬಳಸೋದು ಬೇರೆ. ಇದಕ್ಕೆ ನಾನು ಹೇಳೋದು ತೂತುಕುಡಿಯ ಕಥೆ. ಐಐಟಿ ಖರಗ್‌ಪುರದಲ್ಲಿ ಓದಿದ ಅನಿರುದ್ಧ ಶರ್ಮ ಮತ್ತು ಪ್ರತೀಕ್ ಬಂಬ್ 2009ರಲ್ಲಿ ಕಾರ್ಬನ್ ಕ್ಲೀನ್ ಕಂಪನಿ ಕಟ್ಟಿದರು. ತೂತುಕುಡಿಯ ಆಲ್ಕಲಿ ಕಾರ್ಖಾನೆಯಲ್ಲಿ 2016ರಲ್ಲಿ ಅವರ ದ್ರಾವಣ ಬಾಯ್ಲರ್ ಚಿಮಣಿಗೆ ಸೇರಿತು. ಘಟಕದ ಸಾಮರ್ಥ್ಯ ವರ್ಷಕ್ಕೆ 60 ಸಾವಿರ ಟನ್. ಹಿಡಿದ ಗಾಳಿ ಸೋಡಾ ಆಶ್, ಅಂದರೆ ಬಟ್ಟೆ ಸೋಡಾ ಮಾಡೋಕೆ ಹೋಗುತ್ತೆ. ಹಳೆ ವಿದ್ಯಾರ್ಥಿಗಳ ಸಾಧನೆ ಅಂದರೆ ಇದೇ ಅಲ್ವಾ? ಆದರೆ ಇಲ್ಲಿ "ಶಾಶ್ವತವಾಗಿ ಹೂತರು" ಅಂತ ಬರೆದರೆ ತಪ್ಪು. ಸೋಡಾದಲ್ಲಿ ಸೇರಿದ ಗಾಳಿ ಮತ್ತೆ ಹೊರಗೆ ಬರಬಹುದು. ಅನುಮಾನ ಇದ್ದರೆ ನಮ್ಮ ಮಿರ್ಚಿ ಬಜ್ಜಿ ಹಿಟ್ಟಿಗೆ ಚಿಟಿಕೆ ಅಡುಗೆ ಸೋಡಾ (ಅದೂ ಇದೇ ಬಳಗದ್ದು) ಹಾಕಿ ಎಣ್ಣೆಗೆ ಬಿಡಿ. ಬಜ್ಜಿ ಉಬ್ಬೋದು ಅದೇ ಗಾಳಿಯಿಂದ.

ಹೂಳೋದು ಅಂದರೆ ನಾರ್ವೆಯ ಸಮುದ್ರದಲ್ಲಿರೋ ಸ್ಲೈಪ್ನರ್ ಅನಿಲ ಕ್ಷೇತ್ರದಂಥದ್ದು. ಸರ್ಕಾರ 1991ರಲ್ಲಿ ಕಾರ್ಬನ್ ತೆರಿಗೆ ಹಾಕಿತು. ತೆರಿಗೆ ಕಟ್ಟೋದಕ್ಕಿಂತ ಹೂಳೋದೇ ಲಾಭ ಅಂತ 1996ರಿಂದ ಸಮುದ್ರದ ತಳಕ್ಕೂ ಕೆಳಗೆ, 800 ಮೀಟರ್‌ಗಿಂತ ಆಳದ ಮರಳುಗಲ್ಲಿಗೆ ತುಂಬಿದರು. ಬಹಳ ಕಾಲ ವರ್ಷಕ್ಕೆ 10 ಲಕ್ಷ ಟನ್ ಆಸುಪಾಸು. 800 ಮೀಟರ್ ಯಾಕೆ ಅಂತ ಓದುಗರು ಕೇಳೇ ಕೇಳ್ತಾರೆ: ಆ ಆಳದ ಒತ್ತಡಕ್ಕೆ ಗಾಳಿ ದಟ್ಟವಾಗಿ, ಕಮ್ಮಿ ಜಾಗದಲ್ಲಿ ಹಿಡಿಯುತ್ತೆ.

ಐಸ್‌ಲ್ಯಾಂಡ್‌ನ ಕಾರ್ಬ್‌ಫಿಕ್ಸ್ ಯೋಜನೆಯವರದ್ದು ಇನ್ನೂ ಚೆಂದ. 2012ರಲ್ಲಿ ಗಾಳಿಯನ್ನು ನೀರಲ್ಲಿ ಕರಗಿಸಿ ಬಸಾಲ್ಟ್ ಬಂಡೆಗೆ, ಅಂದರೆ ಲಾವಾ ತಣಿದು ಆದ ಕಲ್ಲಿಗೆ ಬಿಟ್ಟರು. ಎರಡು ವರ್ಷದೊಳಗೆ ನೂರಕ್ಕೆ 95 ಪಾಲಿಗೂ ಹೆಚ್ಚು ಕಲ್ಲಾಯ್ತು ಅಂತ 2016ರಲ್ಲಿ ಪ್ರಕಟಿಸಿದರು. ಇದೇ ಬಗೆಯ ಕೆಲಸ ಮಾಡೋ ನಮ್ಮ ಚಿತ್ರದುರ್ಗದ ಹುಡುಗನೊಬ್ಬ ರಜೆಗೆ ಬಂದಾಗ ಅಪ್ಪನನ್ನು ಮರಡಿಹಳ್ಳಿಗೆ ಕರೆದುಕೊಂಡು ಹೋದ. ಅಲ್ಲಿ ದಿಂಬು ಪೇರಿಸಿಟ್ಟ ಹಾಗಿರೋ ಲಾವಾ ಬಂಡೆ ಇದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರೊಳಗೆ ಉಕ್ಕಿ ತಣಿದದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. "ಇದರ ತಮ್ಮನ ಮೇಲೆ ನಾನು ಕೆಲಸ ಮಾಡೋದು ಅಪ್ಪಾಜಿ" ಅಂದನಂತೆ. ಈ ಮಾತು ಸಂಚಿಕೆಗೆ ಹಾಕಿದೆ. ಆದರೆ ಒಬ್ಬ ಸಂಪಾದಕ ಮಿತ್ರರು "ಶೀಘ್ರದಲ್ಲೇ ಚಿತ್ರದುರ್ಗದಲ್ಲೂ" ಅಂತ ಸೇರಿಸೋಕೆ ಹೊರಟರು, ತಡೆದೆ. ಅಲ್ಲಿನ ಬಂಡೆ ಬಹಳ ಹಳೆಯದು, ಒತ್ತಿ ಗಟ್ಟಿಯಾದದ್ದು, ಜೊತೆಗೆ ಸ್ಮಾರಕ. ಐಸ್‌ಲ್ಯಾಂಡಿನ ಎಳೆ ಬಸಾಲ್ಟಿಗೆ ಅದನ್ನು ಹೋಲಿಸಿ ಆಸೆ ಹುಟ್ಟಿಸಬಾರದು.

ಪೇಟೆಂಟ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅರ್ಜಿ ಹಾಕಿದ 18 ತಿಂಗಳಿಗೆ ಸಾಮಾನ್ಯವಾಗಿ ತಾನಾಗೇ ಪ್ರಕಟವಾಗುತ್ತೆ. ಮನೆಯವರು ಅದನ್ನೇ "ಪೇಟೆಂಟ್ ಸಿಕ್ತು" ಅಂತ ಸ್ವೀಟ್ ಹಂಚ್ತಾರೆ. ಮಂಜೂರಾದದ್ದು ಬೇರೆ. ಪೇಟೆಂಟ್ ಕಚೇರಿಯ ಹುಡುಕಾಟದ ಪುಟದಲ್ಲಿ ಸ್ಥಿತಿ ನೋಡಿ, ಸಂಶೋಧಕರ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದ ಮೇಲೆ ಕೆಲ ಕಾಲ ಮಾಡೋ ಸಂಶೋಧನೆ ಕೆಲಸ, ಪ್ರೊಫೆಸರ್ ಅಲ್ಲ, ಇದನ್ನೂ ನಾನು ಒಮ್ಮೆ ತಪ್ಪು ಬರೆದಿದ್ದೀನಿ.

ನೊಬೆಲ್ ಹೆಸರನ್ನು ಎಳೆದು ತರಬೇಡಿ. 2025ರ ರಸಾಯನಶಾಸ್ತ್ರದ ನೊಬೆಲ್ ಕಿತಗಾವ, ರಾಬ್ಸನ್, ಯಾಘಿ ಮೂವರಿಗೆ ಬಂತು, ಲೋಹ ಮತ್ತು ಇಂಗಾಲದ ಕೊಂಡಿಗಳಿಂದ ಕಟ್ಟಿದ ಸ್ಪಂಜಿನಂಥ ಎಂಒಎಫ್ ವಸ್ತುಗಳಿಗೆ. ಕಾರ್ಬನ್ ಹಿಡಿಯೋಕೂ ಅವನ್ನು ಬಳಸ್ತಾರೆ. ಅದು ಸುದ್ದಿಯಾದ ವಾರ ಎಂಒಎಫ್ ಮೇಲೆ ಕೆಲಸ ಮಾಡೋ ಹುಡುಗಿಯ ಚಿಕ್ಕಪ್ಪ ಫೋನ್ ಮಾಡಿ, "ನೊಬೆಲ್ ತಂಡದಲ್ಲಿದ್ದಾಳೆ ಅಂತ ಹಾಕ್ರಿ ಸಾರ್" ಅಂದರು. ಅವಳ ಲ್ಯಾಬ್ ಬೆಂಗಳೂರಲ್ಲಿದೆ. ಯಾಘಿ ಇರೋದು ಬರ್ಕ್ಲಿಯಲ್ಲಿ.

ಬರೆದಾದ ಮೇಲೆ ಪ್ರೆಸ್ಸಿಗೆ ಕೊಡೋ ಮುಂಚೆ ಇಬ್ಬರಿಗೆ ಓದಿಸಿ. ಒಬ್ಬರು ಆ ಹಳೆ ವಿದ್ಯಾರ್ಥಿ. ಇನ್ನೊಬ್ಬರು ಮನೆಯ ಹಿರಿಯರು ಯಾರಾದರೂ. ಮೊದಲನೆಯವರು ತಪ್ಪು ಹಿಡೀತಾರೆ, ಎರಡನೆಯವರಿಗೆ ಅರ್ಥ ಆಗದ ಸಾಲು ಹೊಡೆದು ಹಾಕಿ. ಪೈಪಿನ ಹುಡುಗನ ಬಗ್ಗೆ ಮರುವರ್ಷ ಬರೆದದ್ದು ಹೀಗಿತ್ತು: "ಹಿಡಿದ ಕಾರ್ಬನ್ ಡೈಆಕ್ಸೈಡಿನಲ್ಲಿ ಎಷ್ಟು ತೇವ ಉಳಿದರೆ ಪೈಪ್ ತುಕ್ಕು ಹಿಡಿಯುತ್ತೆ ಅನ್ನೋದನ್ನು ಆರು ವರ್ಷ ಅಳೆದ. 40 ಜನರ ತಂಡದಲ್ಲಿ ಇವನ ಪಾಲು ಅಳತೆಯದ್ದು. ಪೈಪಿಗೆ ಬಿಡೋ ಗಾಳಿಯನ್ನು ಒಣಗಿಸೋರು ಈಗ ಅವನ ಅಳತೆ ನೋಡಿಕೊಳ್ಳುತ್ತಾರೆ." ಅವನು ಒಂದಕ್ಷರ ತಿದ್ದಲಿಲ್ಲ.

ಫೋಟೊ ಕೇಳಿದಾಗ ಕೋಟು ಹಾಕಿದ್ದು ಬೇಡ, ಕೆಲಸದ್ದು ಕಳಿಸು ಅಂದಿದ್ದೆ. ತುಕ್ಕು ತಿಂದ ಪೈಪಿನ ತುಂಡಿನ ಫೋಟೊ ಕಳಿಸಿದ, ಅದನ್ನೇ ಅರ್ಧ ಪುಟ ಹಾಕಿದೆವು. ಸಂಚಿಕೆ ಕೈಗೆ ಸಿಕ್ಕ ದಿನವೇ ತಾಯಿ ಫೋನ್ ಮಾಡಿದರು. "ಎಲ್ಲ ಅರ್ಥ ಆತ್ ಸಾರ್. ಆದ್ರೆ ನನ್ ಮಗನ ಮುಖ ಎಲ್ಲೈತ್ರೀ?" ಅಂದಿನಿಂದ ಎರಡು ಫೋಟೊ ತರಿಸ್ತೀನಿ.