ಕೋರ್ಸ್ ಬೇರೆ ಬೇರೆ, ಜಾಗ ಮಾತ್ರ ಒಂದೇ: ಮಿಕ್ಸೆಡ್ ಮೀಡಿಯಾ ಲ್ಯಾಂಡ್‌ಸ್ಕೇಪ್ ಕಲ್ತ ನನ್ನ ಅನುಭವ

ಆರ್ಟ್ ಕೋರ್ಸ್‌ಗೆ ದುಡ್ಡು ಹಾಕೋದು ವೇಸ್ಟಾ ಅಂತ ಕೇಳೋರಿಗೆ ನಾನು ಹೇಳೋದು ಇಷ್ಟೆ, ಕೋರ್ಸ್ ಯಾವ್ದಾದ್ರೂ ಮಾಡಿ, ಮುಗಿದ್ಮೇಲೆ ಹೋಗಿ ಕೂತು ಬಿಡಿಸೋ ಜಾಗ ಮಾತ್ರ ಒಂದೇ ಇಟ್ಕೊಳ್ಳಿ. ನಂದು ಕುಮಟಾ ಕಡೆಯ ಅಘನಾಶಿನಿ ಅಳಿವೆ ಪಕ್ಕದ ಗಜನಿ. ಗೊತ್ತಿಲ್ದೋರಿಗೆ ಹೇಳ್ತೀನಿ, ಗಜನಿ ಅಂದ್ರೆ ಉಪ್ಪುನೀರು ನುಗ್ಗೋ ತಗ್ಗು ಗದ್ದೆ, ಮಳೆಗಾಲದಲ್ಲಿ ಉಪ್ಪು ತಡ್ಕೊಳ್ಳೋ ಕಗ್ಗ ಭತ್ತ ಬೆಳೀತಾರೆ, ಕೊಯ್ಲಾದ್ಮೇಲೆ ಮೀನು, ಸಿಗಡಿ. ಬಿಡಿಸೋಕೆ ಅಂತ ಹೋದ್ರೆ ಅಲ್ಲಿರೋದು ಆಕಾಶ, ನೀರು, ಕೆಸರು, ದೂರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಒಂದು ಗೆರೆ, ಅಷ್ಟೇ. ಒಂದು ಗುಡಿ ಇಲ್ಲ, ಜಲಪಾತ ಇಲ್ಲ, ಅದಕ್ಕೇ ನಂಗೆ ಇಷ್ಟ.

ಮೊದ್ಲು ಸೇರಿದ್ದು ವೀಕೆಂಡ್ ವಾಟರ್‌ಕಲರ್ ಕ್ಲಾಸ್. ಸರ್ ಡೆಮೊ ಮಾಡ್ತಿದ್ರು, ನಾವೆಲ್ಲ ಹಾಗೇ ಮಾಡ್ತಿದ್ವಿ, ಕೊನೆಗೆ ಕ್ಲಾಸಲ್ಲಿ ಎಲ್ರದ್ದೂ ಒಂದೇ ಚಿತ್ರ. ವಾಶ್, ಅಂದ್ರೆ ನೀರಾದ ಬಣ್ಣ ತೆಳ್ಳಗೆ ಹರಡೋದು, ಹಾಕೋಕೆ ಬಂತು, ಅಲ್ಲಿಗೆ ಮುಗೀತು. ನನ್ನ ಕೈ ನಿಜವಾಗ್ಲೂ ಬದಲಾಗಿದ್ದು ಆಮೇಲೆ ಮಾಡಿದ ಆನ್‌ಲೈನ್ ಕೋರ್ಸಲ್ಲಿ, ಅದ್ರಲ್ಲಿ ಬಣ್ಣಾನೇ ಇರ್ಲಿಲ್ಲ, ಬರೀ ಚಾರ್ಕೋಲು, ಬಿಳಿ ಪೇಸ್ಟಲ್ಲು, ಬೂದು ಪೇಪರ್. ಕಣ್ಣು ಕಿರಿದು ಮಾಡಿ ನೋಡಿ, ಕಪ್ಪು ಎಲ್ಲಿ, ಬೆಳಕು ಎಲ್ಲಿ, ನಡುವಿನ ಟೋನ್ ಎಷ್ಟು, ದಿನಾ ಇದೇ ಪಾಠ. ಬೋರ್ ಆಗ್ತಿತ್ತು ನಿಜ, ಆದ್ರೆ ಅದು ಮುಗಿಸಿ ಗಜನಿಗೆ ಹೋದಾಗ್ಲೇ ಕಂಡಿದ್ದು, ಮಧ್ಯಾಹ್ನ ಅಲ್ಲಿ ನೀರು ಆಕಾಶಕ್ಕಿಂತ ಸ್ವಲ್ಪ ಕಪ್ಪಗಿರತ್ತೆ, ಒದ್ದೆ ಕೆಸರು ಮಾತ್ರ ಕೆಲವು ಕೋನದಲ್ಲಿ ನೀರಿಗಿಂತ್ಲೂ ಬೆಳ್ಳಗೆ ಹೊಳೀತಿರತ್ತೆ. ಆ ಜಾಗದ ಚಿತ್ರ ನಿಲ್ಲೋದೇ ಇದ್ರ ಮೇಲೆ, ಬಣ್ಣ ನೀಲಿನೋ ಹಸಿರೋ ಅನ್ನೋದು ಆಮೇಲಿನ ಮಾತು.

ಮಿಕ್ಸೆಡ್ ಮೀಡಿಯಾ, ಅಂದ್ರೆ ಒಂದೇ ಚಿತ್ರದಲ್ಲಿ ಬೇರೆ ಬೇರೆ ಥರದ ಬಣ್ಣ, ಸಾಮಗ್ರಿ ಸೇರಿಸೋ ಕೋರ್ಸ್ ಬಂದಿದ್ದು ಇದಾದ್ಮೇಲೆ. ಸಿಕ್ಕಿದ್ದೆಲ್ಲ ಅಂಟಿಸೋದು ಅಂದ್ಕೊಂಡಿರ್ತಾರೆ ಜನ, ಆದ್ರೆ ಅಲ್ಲಿ ಕಲಿಯೋದೆಲ್ಲ ಯಾವುದರ ಮೇಲೆ ಯಾವುದು ನಿಲ್ಲತ್ತೆ ಅನ್ನೋದೇ. ಅಕ್ರಿಲಿಕ್ ಮೇಲೆ ಆಯಿಲ್ ಕಲರ್ ಹಾಕ್ಬಹುದು, ಆಯಿಲ್ ಮೇಲೆ ಅಕ್ರಿಲಿಕ್ ಹಾಕಿದ್ರೆ ಮುಂದೊಂದಿನ ಬಿಟ್ಕೊಂಡು ಬರತ್ತೆ. ಅಕ್ರಿಲಿಕ್ ದಪ್ಪಗೆ ಹಚ್ಚಿದ ಮೇಲೆ ವಾಟರ್‌ಕಲರ್ ಹಾಕಿದ್ರೆ ಹನಿಹನಿಯಾಗಿ ಜಾರತ್ತೆ, ಹಂಗಾಗಿ ವಾಟರ್‌ಕಲರ್ ಮೊದ್ಲೇ ಮುಗಿಸ್ಬೇಕು. ಸಾಫ್ಟ್ ಪೇಸ್ಟಲ್‌ಗೆ ಹಿಡ್ಕೊಳ್ಳೋಕೆ ತರಿ ಬೇಕು, ನಡುವೆ ಒಂದು ಕೋಟ್ ಕ್ಲಿಯರ್ ಜೆಸ್ಸೊ (ತರಿತರಿಯಾಗಿ ಒಣಗೋ ಪಾರದರ್ಶಕ ಲೇಪ) ಹಾಕಿದ್ರೆ ಸಿಗತ್ತೆ. ಕೊಲಾಜ್‌ಗೆ ನ್ಯೂಸ್‌ಪೇಪರ್ ಬೇಡ, ಹಳದಿ ತಿರುಗತ್ತೆ, ಆಸಿಡ್ ಇಲ್ದಿರೋ ತೆಳು ಟಿಶ್ಯೂ ಪೇಪರ್ ಸಾಕು.

ಈಗ ನಾನು ಮಾಡೋ ಕ್ರಮ ಹೇಳ್ತೀನಿ. 300 ಜಿಎಸ್‌ಎಂನ (ಅಂದ್ರೆ ಚದರ ಮೀಟರಿಗೆ 300 ಗ್ರಾಂ ತೂಗೋ, ದಪ್ಪ) ಕಾಟನ್ ಪೇಪರ್ ಬೋರ್ಡಿಗೆ ಟೇಪ್ ಮಾಡಿ, ಆಕಾಶಕ್ಕೂ ನೀರಿಗೂ ಒಟ್ಟಿಗೇ ಬೂದು ವಾಶ್, ಹೊಳಪು ಆರೋ ಹೊತ್ತಿಗೆ ಕೆಳಗಿನ ಭಾಗಕ್ಕೆ ಕಲ್ಲುಪ್ಪು ಚೆಲ್ಲೋದು (ಸಾಣಿಕಟ್ಟಾ ಉಪ್ಪಿನಾಗರ ಅಲ್ಲೇ ಹತ್ರ, ಅದ್ರದ್ದೇ ಉಪ್ಪು, ಇಷ್ಟೊಂದು ಲೋಕಲ್ ಆಗೋದು ಸ್ವಲ್ಪ ಅತಿ ಆಯ್ತೇನೋ). ಉಪ್ಪು ಸುತ್ತಲಿನ ನೀರು, ಬಣ್ಣ ಎಳ್ಕೊಂಡು ನಕ್ಷತ್ರದ ಥರ ಮಚ್ಚೆ ಬಿಡತ್ತೆ, ಕೆಸರಿನ ಮೇಲೆ ಉಪ್ಪು ಒಣಗಿದ ಹಾಗೇ ಕಾಣತ್ತೆ. ಪೂರ್ತಿ ಒಣಗಿದ್ಮೇಲೆ ಉದುರಿಸ್ಬೇಕು, ಮಳೆಗಾಲದಲ್ಲಂತೂ ಇದನ್ನ ಮಾಡ್ಲೇಬೇಡಿ, ಉಪ್ಪು ಗಾಳಿಯ ತೇವ ಹೀರಿ ಜಿಡ್ಡಾಗಿ ಕೂರತ್ತೆ. ಆಮೇಲೆ ಜೆಸ್ಸೊ, ಕಾಂಡ್ಲಾ ಸಾಲಿಗೆ ಚಾರ್ಕೋಲ್, ಆಕಾಶದ ಅಂಚಿಗೆ ಪೇಸ್ಟಲ್.

ಮುಂದಿರೋ ಬದುವಿಗೆ ಮಾತ್ರ ಜಂಬಿಟ್ಟಿಗೆ ಪುಡಿ. ಕುಟ್ಟಿ, ಬಟ್ಟೇಲಿ ಜರಡಿ ಹಿಡಿದು, ನೀರಲ್ಲಿ ಕಲಸಿದ್ರೆ ಮರಳು ಬೇಗ ತಳಕ್ಕೆ ಹೋಗತ್ತೆ, ಮೇಲಿನ ಕೆಂಪು ನೀರು ಬೇರೆ ಪಾತ್ರೆಗೆ ಬಸಿದು ಇಟ್ರೆ ನಯವಾದ ಗಸಿ ಸಿಗತ್ತೆ, ಅದನ್ನ ಒಣಗಿಸಿ ಅಕ್ರಿಲಿಕ್ ಮೀಡಿಯಂ ಜೊತೆ ಅರೆಯೋದು. ಐರನ್ ಆಕ್ಸೈಡ್ ಬಣ್ಣ, ಬಿಸಿಲಿಗೆ ಮಾಸಲ್ಲ. ಇದನ್ನ ಯಾವ ಕೋರ್ಸೂ ಹೇಳ್ಕೊಡ್ಲಿಲ್ಲ, ನಮ್ಮ ಕಡೆ ಗೋಡೆ ಮೇಲೆ ಹಸೆ ಚಿತ್ರ ಬರೆಯೋ ದೀವರ ಸಮುದಾಯದ ಹೆಂಗಸರಿಗೆ ಕೆಮ್ಮಣ್ಣು, ಅಕ್ಕಿಹಿಟ್ಟು, ಪುಂಡಿ ನಾರಿನ ಕುಂಚ ಇದೆಲ್ಲ ಮೊದ್ಲಿಂದ್ಲೂ ಗೊತ್ತು. ಹಂಗೇ ಕಾವಿ ಕಲೆ, ಕರಾವಳಿ ದೇವಸ್ಥಾನದ ಗೋಡೆಗಳಲ್ಲಿ ಕೆಂಪು ಪದರ ಕೆರೆದು ಒಳಗಿನ ಸುಣ್ಣದ ಬಿಳಿ ತೋರಿಸ್ತಾರಲ್ಲ, ನೀರಿನ ಮಿಂಚಿಗೆ ನಾನೂ ಅದನ್ನೇ ಮಾಡ್ತೀನಿ, ಪೇಸ್ಟಲ್ ಪದರವನ್ನ ಖಾಲಿ ಬಾಲ್‌ಪೆನ್ನಲ್ಲಿ ಕೆರೆಯೋದು.

ಒಂದೇ ಜಾಗ ಸಾಕಾಗತ್ತಾ ಅನ್ನೋರು ಬೆಂಗಳೂರಲ್ಲಿ ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡಿ, ಅದೇ ಊರು, ಅದೇ ಹೂ ಬಿಟ್ಟ ಮರಗಳು, ಮತ್ತೆ ಮತ್ತೆ. ಚಿತ್ರಕಲಾ ಪರಿಷತ್ತಲ್ಲಿರೋ ರಷ್ಯಾದ ಕಲಾವಿದ ರೋರಿಕ್ ಬಿಡಿಸಿದ ಹಿಮಾಲಯದ ಚಿತ್ರಗಳೂ ಹಾಗೇ.

ಕೋರ್ಸ್ ಆರಿಸೋವಾಗ ನಾನು ಕೇಳೋದು ಎರಡೇ ಪ್ರಶ್ನೆ, ಬ್ಯಾಚಲ್ಲಿ ಎಷ್ಟು ಜನ, ನಾನು ಮಾಡಿದ್ದನ್ನ ಯಾರಾದ್ರೂ ನೋಡಿ ಮಾತಾಡ್ತಾರಾ. ಎರಡನೇದಕ್ಕೆ ಉತ್ತರ ಸರಿಯಾಗಿ ಬರ್ಲಿಲ್ಲ ಅಂದ್ರೆ ಸೇರಲ್ಲ. ಮೆಟೀರಿಯಲ್ ಲಿಸ್ಟ್ ಕೊಟ್ರೆ ಪೂರ್ತಿ ತಗೋಬೇಡಿ, ಮೊದಲ ವಾರಕ್ಕೆ ಬೇಕಾದಷ್ಟು ತಗೊಂಡು ಉಳಿದ ದುಡ್ಡಲ್ಲಿ ಒಳ್ಳೆ ಪೇಪರ್ ತಗೊಳ್ಳಿ, ಅದನ್ನ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಇಲ್ಲಾಂದ್ರೆ ಬೂಸ್ಟು ಬರತ್ತೆ.